ಎಂಟುನೂರು ಪುಟ ಮತ್ತು ಒಬ್ಬ ಸೋದರಮಾವ

ಎಂಟುನೂರು ಪುಟದ ಇಂಗ್ಲಿಷ್ ಕಾದಂಬರಿಯೊಂದನ್ನು ನಮ್ಮತ್ತೆ ಹನ್ನೆರಡನೇ ಪುಟದಲ್ಲೇ ಮುಗಿಸಿಬಿಟ್ಟರು.

ಓದಿ ಅಲ್ಲ, ಕೇಳಿ. ಓದುತ್ತಿದ್ದವಳು ನಾನು. ಓದುತ್ತ ಓದುತ್ತಲೇ ಕನ್ನಡ ಮಾಡಿ ಹೇಳುತ್ತಿದ್ದೆ. "ಹುಡುಗಿ ತಬ್ಬಲಿ. ಅಪ್ಪ, ಅಮ್ಮ ಇಬ್ಬರೂ ಜ್ವರದಲ್ಲಿ ಹೋದರು. ಈಗ ಸೋದರಮಾವನ ಮನೆಗೆ ಬಂದಿದ್ದಾಳೆ. ಮಾವನಿಗೆ ಬೇಕಾದಷ್ಟು ಜಮೀನು, ಮದುವೆ ಆಗಿಲ್ಲ" ಅಂದೆನೋ ಇಲ್ಲವೋ, ಅತ್ತೆ ಕೈಯಲ್ಲಿದ್ದ ಕಡ್ಲೆಕಾಯಿಯನ್ನು ಪಟ್ಟನೆ ಒಡೆದು ತೀರ್ಪು ಕೊಟ್ಟರು.

"ಮಾಮ ಅವ್ನೆ. ಮನೆ ಐತೆ, ಒಲ ಐತೆ. ಕಟ್ಕೊಂತಾನೆ ಬುಡು. ಇನ್ನೇನೈತೆ ಕತೆ?"

ಇನ್ನೂ ಏಳುನೂರ ಎಂಬತ್ತೆಂಟು ಪುಟ ಇತ್ತು.

ನಿಮ್ಮಲ್ಲಿ ಹಲವರು ಆಗಾಗ ಕೇಳುತ್ತಿರುತ್ತೀರಿ, ಮೇಡಂ, ಓದಲೇಬೇಕಾದ ಒಂದು ಇಂಗ್ಲಿಷ್ ಕ್ಲಾಸಿಕ್ ಹೇಳಿ ಅಂತ. ಈ ವಾರ ಹೇಳೋಣ ಅಂತಲೇ ಕೂತಿದ್ದೇನೆ. ಹೆಸರು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಲೈಬ್ರರಿಗೆ ಹೋಗಿ, ನಿಂತಲ್ಲೇ ಕೊನೆಯ ಪುಟ ತಿರುವಿ, "ಓದಿದೆ, ಪರವಾಗಿಲ್ಲ" ಅಂದುಬಿಡುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ಹೊಸದಾಗಿ ಈ ಪುಟಕ್ಕೆ ಬಂದವರಿಗೆ ಒಂದು ಮಾತು. ನಾನು ಕೊಳ್ಳೇಗಾಲದ ಕಡೆಯವಳು. ಸೇಲಂನಲ್ಲಿ ಟೆಲಿಫೋನ್ ಆಪರೇಟರ್. ಗಂಡನ ಊರಿಗೆ ಹೋಗಬೇಕಾದರೆ ಮೊರಪ್ಪೂರು ಸ್ಟೇಷನ್ನಿನಲ್ಲಿ ಇಳಿದು ಬಸ್ ಹಿಡಿಯಬೇಕು. ಅಲ್ಲಿ ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು. ಊರಿಗೆ ಊರೇ ನಮ್ಮ ಮಾತು ಆಡುತ್ತದೆ. ಆದರೆ ಈ ಅಂಕಣ ಓದಬಲ್ಲವರು ಒಬ್ಬರೂ ಇಲ್ಲ. (ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.)

ಬಿತ್ತನೆಗೆ ಮುಂಚೆ ಅಲ್ಲಿ ಬೀಜದ ಕಡ್ಲೆಕಾಯಿಯನ್ನು ಕೈಯಲ್ಲೇ ಬಿಡಿಸುತ್ತಾರೆ. ಮೆಷಿನ್ನಿಗೆ ಹಾಕಿದರೆ ಬೀಜ ಒಡೆದು ಮೊಳಕೆ ಬರುವುದಿಲ್ಲ. ಹಾಗಾಗಿ ಕೆಲವು ದಿನ ಒಬ್ಬರ ಜಗಲಿ, ಆಮೇಲೆ ಇನ್ನೊಬ್ಬರದು, ಹೆಂಗಸರೆಲ್ಲ ಸುತ್ತ ಕೂತು ಬಿಡಿಸುವುದು. ನಮ್ಮ ಮನೆಯ ಸರದಿಗೆ ನಾನೂ ಲೀವ್ ಹಾಕಿ ಹೋಗಿ ಕೂತೆ. ಸ್ವಲ್ಪ ಹೊತ್ತಿಗೇ ಬೆರಳ ತುದಿಯೆಲ್ಲ ಕೆಂಪಾಯಿತು.

"ಟೆಲಿಪೋನ್ ಕೈ ಅಲ್ವಾ!" ಎಂದು ಎಲ್ಲರೂ ನಕ್ಕರು. "ನೀ ಬುಟ್ಬುಡು, ಯಮ್ಮಾ. ಒಂದು ಕತೆ ಯೋಳು, ಸಾಕು" ಎಂದರು ಅತ್ತೆ.

ಟ್ರೈನಿನಲ್ಲಿ ಓದಲು ತಂದಿದ್ದ ಆ ಪುಸ್ತಕ ಬ್ಯಾಗಿನಲ್ಲಿತ್ತು. ಮೂರು ನಾಲ್ಕು ವರ್ಷದಿಂದ ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ಅದನ್ನು ಓದಿ ಓದಿ ಎಂದು ಗಂಟುಬಿದ್ದಿದ್ದೇನೆ. ಒಬ್ಬರು ಅದನ್ನು ತಗೊಂಡು ಹೋಗಿ ಟಿವಿ ಸ್ಟ್ಯಾಂಡಿನ ಕಾಲಿಗೆ ಒತ್ತು ಕೊಟ್ಟಿದ್ದರು. ಜಗಲಿಯ ಹೆಂಗಸರು ಹಾಗಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದು, "ಎಲ್ಲಿಗ್ ಬಂದಿತ್ತು?" ಎಂದು ಅವರೇ ಕೇಳುತ್ತಿದ್ದರು. ಲೇಖಕನಿಗೆ ಇನ್ನೇನು ಬೇಕು?

ಗಲಾಟೆ ಶುರುವಾಗಿದ್ದು ಹುಡುಗಿ ಗಡಿಯಾರ ರಿಪೇರಿಯವನನ್ನು ಪ್ರೀತಿಸಿದಾಗ.

"ಅವ್ನಿಗೇನು ಮುರೆ ಐತೆ?" ಎಂದರು ಪಕ್ಕದ ಮನೆಯ ಚಿನ್ನಮ್ಮ. ಮುರೆ ಅಂದರೆ ಸಂಬಂಧದ ಹಕ್ಕು. ಅದೊಂದಿದ್ದರೆ ಅಲ್ಲಿ ಅರ್ಧ ಮದುವೆ ಆದ ಹಾಗೆ.

"ಮುರೆ ಏನೂ ಇಲ್ಲ. ಪ್ರೀತಿ ಅಷ್ಟೆ."

"ಪ್ರೀತಿ ಆಮ್ಯಾಕ್ ಬತ್ತದೆ ಬುಡು. ಮಾಮ ಏನಂದ?"

ಮಾವ ಏನೂ ಅನ್ನಲಿಲ್ಲ. ಆ ದೇಶದಲ್ಲಿ ಮಾವ ಸೊಸೆಯನ್ನು ಮದುವೆಯಾಗುವುದಿಲ್ಲ, ಅದು ಅವರಲ್ಲಿ ದೊಡ್ಡ ತಪ್ಪು ಎಂದು ವಿವರಿಸಿದೆ. ಎಲ್ಲರ ಕೈಯೂ ನಿಂತಿತು.

"ಅಂಗಾರೆ ಅಲ್ಲಿ ಮಾಮ ಅಂತ ಯಾತುಕ್ ಇರಾದು?" ಎಂದರು ಅತ್ತೆ.

ಈ ಪ್ರಶ್ನೆಗೆ ಯಾವ ಇಂಗ್ಲಿಷ್ ಪ್ರೊಫೆಸರ್ ಉತ್ತರ ಕೊಡುತ್ತಾರೆ, ಹೇಳಿ?

ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ಆಮೇಲೆ ನಗು ನಿಲ್ಲಿಸಿದೆ. ಯಾಕೆಂದರೆ ಅದೇ ಅಂಗಳದಲ್ಲಿ ಒಬ್ಬ ಮಾಮ ಇದ್ದ.

ನನ್ನ ಮೈದುನ ಮಾದೇಶ. ಸಬ್ಬಕ್ಕಿ ಮಿಲ್ಲಿಗೆ ಮರಗೆಣಸು ಸಾಗಿಸುವ ಟೆಂಪೋ ಇಟ್ಟಿದ್ದಾನೆ. ವಯಸ್ಸು ಮೂವತ್ತು ದಾಟಿದೆ. ಬಂದ ಸಂಬಂಧಗಳನ್ನೆಲ್ಲ ಅತ್ತೆ ವಾಪಸ್ ಕಳಿಸಿದ್ದಾರೆ. ಯಾಕೆ? ಎಡಪ್ಪಾಡಿಗೆ ಕೊಟ್ಟಿರುವ ಅವನ ಅಕ್ಕ ಜಯಮ್ಮನಿಗೆ ಮಗಳಿದ್ದಾಳಲ್ಲ, ಚಿತ್ರಾ. ಅವಳು ಹುಟ್ಟಿದ ದಿನವೇ ಮಾತಾಗಿತ್ತು. ದೊಡ್ಡವಳಾದಾಗ ಅವಳನ್ನು ಕೂರಿಸಲು ಸೋದರಮಾವನೇ ಹಾಕಬೇಕಾದ ಹಸಿ ಸೊಪ್ಪಿನ ಗುಡ್ಲು ಹಾಕಿದವನೂ ಇವನೇ. ಬರುವ ಆವಣಿ ತಿಂಗಳಲ್ಲಿ, ಅಂದರೆ ನಮ್ಮ ಶ್ರಾವಣದ ಹೊತ್ತಿಗೆ, ಮದುವೆ. ಜಯಮ್ಮ ಮಗಳನ್ನು ಕರಕೊಂಡು ಕಡ್ಲೆಕಾಯಿಗೆ ಬಂದಿದ್ದರು, ಹಾಗೇ ವೀಳ್ಯ ಬದಲಾಯಿಸಿ ಹೋಗೋಣ ಅಂತ.

ಚಿತ್ರಾ ಪ್ಲಸ್ ಟು ಪಾಸು. ಟೀಚರ್ ಟ್ರೈನಿಂಗ್ ಮಾಡುವ ಆಸೆ ಅವಳಿಗೆ. ಅದನ್ನು ನನಗೊಬ್ಬಳಿಗೆ, ಅದೂ ತಮಿಳಿನಲ್ಲಿ ಹೇಳಿದ್ದಳು. ಮನೆಯವರಿಗೆ ಹೇಳೇ ಎಂದರೆ, "ಪೋಂಗ ಅತ್ತೆ" (ಹೋಗಿ ಅತ್ತೆ; ಅವಳಿಗೆ ನಾನೂ ಅತ್ತೆಯೇ) ಎಂದು ಎದ್ದು ಹೋಗಿದ್ದಳು. ಅವಳನ್ನು ಬೇರೆ ಯಾರೂ ಕೇಳಿರಲಿಲ್ಲ. ಯಾಕೆ ಕೇಳಬೇಕು? ಮುರೆ ಇದೆಯಲ್ಲ.

ಕತೆ ನಡೆಯುವಾಗ ಮಾದೇಶ ಅಂಗಳದಲ್ಲಿ ಟೆಂಪೋ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ದಿನಾ ಬಿಗಿಯುತ್ತಿದ್ದ. (ಅಷ್ಟು ಬಿಗಿದರೆ ಯಾವ ಟೆಂಪೋ ತಾನೇ ಓಡೀತು?) ಕಿವಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು.

ಕಾದಂಬರಿಯ ಮಾವ ಕೊನೆಗೆ ಏನು ಮಾಡುತ್ತಾನೆ ಗೊತ್ತೇ? ತನ್ನದೇ ಸಾರೋಟು ಕಟ್ಟಿಸಿ, ಸೊಸೆಯನ್ನು ಬಂದರಿಗೆ ಕರಕೊಂಡು ಹೋಗಿ, ಗಡಿಯಾರದವನ ಜೊತೆ ಹಡಗು ಹತ್ತಿಸಿ ಬರುತ್ತಾನೆ. ನಾನು ಅದನ್ನು ಓದಿದ ದಿನ ಜಗಲಿಯಲ್ಲಿ ಕಡ್ಲೆಕಾಯಿ ಬಿಡಿಸಿದವರೇ ಇಲ್ಲ. "ಅವ್ನಿಗೇನ್ ಬಂದಿತ್ತು ರೋಗ?" ಎಂದು ಅತ್ತೆ ನನ್ನನ್ನೇ ಗದರಿದರು. ಬರೆದವಳು ನಾನೇ ಅನ್ನುವ ಹಾಗೆ.

ಟೆಂಪೋ ಕೆಳಗಿಂದ ಮಾತು ಬಂತು.

"ಅತ್ತಿಗೆ, ಆ ಉಡ್ಗಿ ಅವನ್ನ ಬ್ಯಾಡ ಅಂದ್ಲಾ?"

"ಅನ್ನಲಿಲ್ಲ. ಅವನೂ ಕೇಳಲಿಲ್ಲ. ತಾನೇ ಅರ್ಥ ಮಾಡಿಕೊಂಡ."

"ಕೇಳ್ಬೇಕಾಗಿತ್ತು" ಎಂದ ಮಾದೇಶ. ಮತ್ತೆ ಬಿಗಿಯುವ ಸದ್ದು.

ವೀಳ್ಯದ ದಿನ ಬಂತು. ಎಡಪ್ಪಾಡಿಯಿಂದ ಜಯಮ್ಮನ ಗಂಡ ಬಂದರು, ಊರಿನ ನಾಲ್ಕು ಹಿರಿಯರು ಬಂದು ಕೂತರು. ಹೂವು, ಹಣ್ಣು, ಎಲೆ ಅಡಿಕೆ ತಟ್ಟೆಗೆ ಬಂತು. ಹಿರಿಯರು ತಟ್ಟೆ ಎತ್ತುವ ಹೊತ್ತಿಗೆ ಮಾದೇಶ, "ಒಸಿ ಇರಿ" ಎಂದ. ಬಾಗಿಲ ಬಳಿ ನಿಂತಿದ್ದ ಹುಡುಗಿಯ ಕಡೆ ತಿರುಗಿದ.

"ಚಿತ್ರಾ, ನಿಂಗೆ ಇಷ್ಟ ಐತಾ? ಬಾಯಿಬುಟ್ಟು ಯೋಳು."

ಆ ಮನೆಯಲ್ಲಿ ಹಾಗೆ ಯಾರೂ ಯಾರನ್ನೂ ಕೇಳಿದ್ದಿಲ್ಲ. ಜಯಮ್ಮ ಮಗಳ ರಟ್ಟೆ ಹಿಡಿದರು. ಹುಡುಗಿ ತಲೆ ಎತ್ತಲಿಲ್ಲ, ಆದರೆ ಹೇಳಿದಳು.

"ನಾ ಓದ್ಬೇಕು, ಮಾಮ."

"ಓದು. ಬ್ಯಾಡ ಅಂದೋರ್ ಯಾರು? ಓದಿದ್ಮ್ಯಾಕೆ?"

ನೋಡಿ, ಅವನಿಗೆ ಇನ್ನೂ ಆಸೆ ಇತ್ತು. ಕೇಳಿದ ದನಿಯಲ್ಲೇ ಅದು ಗೊತ್ತಾಗುತ್ತಿತ್ತು. ಸಾರೋಟು ಕಟ್ಟಿಸುವ ತ್ಯಾಗಮೂರ್ತಿ ಅಲ್ಲ ನಮ್ಮ ಮಾದೇಶ. ಸೇಲಂನಿಂದ ಹೊಸ ಶರ್ಟು ತರಿಸಿ ಹಾಕಿಕೊಂಡು ಕೂತಿದ್ದ.

ಚಿತ್ರಾ ಅಳುತ್ತ ಹೇಳಿದಳು, "ನೀವು ನಂಗೆ ಮಾಮನಾಗೇ ಇರಿ, ಮಾಮ."

ಮಾದೇಶ ತಟ್ಟೆಯಲ್ಲಿದ್ದ ಬಾಳೆಹಣ್ಣು ಮುರಿದು ಹಿರಿಯರೊಬ್ಬರ ಜೊತೆ ಬಂದಿದ್ದ ಮೊಮ್ಮಗುವಿನ ಕೈಗೆ ಕೊಟ್ಟು, "ಆಯ್ತು, ಎಲ್ರೂ ಊಟಕ್ಕೆ ಏಳಿ. ಅನ್ನ ಆರೋಯ್ತದೆ" ಎಂದ. ಎದ್ದು ಹೋಗಿ ಟೆಂಪೋ ಸ್ಟಾರ್ಟ್ ಮಾಡಿದ. (ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು.) ಆ ದಿನ ಅವನು ಊಟಕ್ಕೆ ಬರಲಿಲ್ಲ.

ಇನ್ನು ನನ್ನ ಗತಿ ಕೇಳಬೇಡಿ. ಜಯಮ್ಮ ನನ್ನ ಜೊತೆ ಮಾತು ಬಿಟ್ಟರು. ಚಿನ್ನಮ್ಮ ಆ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಬ್ಯಾಗಿಗೆ ಹಾಕಿದರು. "ಎಲ್ಲಾ ಇದ್ರಿಂದ್ಲೇ" ಎಂದು ಊರೆಲ್ಲ ಮಾತು. ಒಂದು ಕಾದಂಬರಿಗೆ ಇಷ್ಟು ಶಕ್ತಿ ಇದೆ ಎಂದು ಯಾವ ವಿಮರ್ಶಕನೂ ಇಷ್ಟು ಖಡಾಖಂಡಿತವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಅವರ ಲೆಕ್ಕಾಚಾರ ತಪ್ಪು. ಪುಸ್ತಕದ ಮಾವ ಕೇಳಲಿಲ್ಲ, ಊಹಿಸಿದ. ನಮ್ಮವನು ಎಲ್ಲರೆದುರು ಕೇಳಿದ, ಉತ್ತರವನ್ನೂ ಎಲ್ಲರೆದುರೇ ಕೇಳಿಸಿಕೊಂಡ. ಯಾವುದು ಕಷ್ಟ?

ಹಾಗಾಗಿ, ಓದುಗ ಮಹಾಶಯರೇ, ಆ ಪುಸ್ತಕ ಓದಿ. ಮಳೆಯಲ್ಲಿ ಹುಡುಗಿ ಮಾವನ ಬಾಗಿಲಿಗೆ ಬಂದು ನಿಲ್ಲುವ ಮೊದಲ ಅಧ್ಯಾಯಕ್ಕಾದರೂ ಓದಿ. ನಡುವೆ ಹವಾಮಾನ ವರ್ಣನೆ ಜಾಸ್ತಿ, ಅದನ್ನು ಹಾರಿಸಿ, ನಾನೇನೂ ಯಾರಿಗೂ ಹೇಳುವುದಿಲ್ಲ. ನಾಲ್ಕು ಜನರ ನಡುವೆ ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ವೀಳ್ಯದ ಮಾತು ನಡೆಯುತ್ತಿದ್ದರೆ ಮಾತ್ರ ನಿಮ್ಮ ಜವಾಬ್ದಾರಿ.

ನಾನು ಸೇಲಂಗೆ ಹೊರಟ ದಿನದವರೆಗೂ ಅತ್ತೆ ನನ್ನ ಮೇಲೆ ಮುಖ ಊದಿಸಿಕೊಂಡೇ ಇದ್ದರು. ಹೊರಡುವಾಗ ಚೀಲಕ್ಕೆ ಕಡ್ಲೆಬೀಜ ಸುರಿದು, ಬಾಯಿ ಕಟ್ಟಿ ಕೊಟ್ಟರು. ಬೈಯುತ್ತಾರೆ ಅಂದುಕೊಂಡೆ. ಅಂಗಳದಲ್ಲಿ ಟೆಂಪೋ ತೊಳೆಯುತ್ತಿದ್ದ ಮಗನ ಕಡೆ ನೋಡುತ್ತ, ಅವನಿಗೆ ಕೇಳಿಸದ ಹಾಗೆ, ಆ ಪುಸ್ತಕ ಬರೆದ ಮಹಾನುಭಾವನಿಗೂ ಹೊಳೆಯದ, ಎರಡು ಸಲ ಓದಿದ ನನಗೂ ಹೊಳೆಯದ ಒಂದು ಮಾತು ಕೇಳಿದರು.

"ಯಮ್ಮಾ, ಕಡೀಕೆ ಆ ಮಾಮಂಗೆ ಎಣ್ಣು ಯಾರು ಕೊಟ್ರು?"