ಬೈಸಿಕೊಳ್ಳುವವರು ಬೇಕಾಗಿದ್ದಾರೆ

ಕಡೂರಿನ ತೆಂಗು ಬೆಳೆಗಾರರ ಕಂಪನಿಯೊಂದರಲ್ಲಿ ಪ್ರತಿಮಾ ಎಂಬ ಹೆಣ್ಣುಮಗಳಿದ್ದಾಳೆ. ಹುಟ್ಟಿದ್ದು ಎಮ್ಮೆದೊಡ್ಡಿಯ ಹತ್ತಿರ, ಓದಿದ್ದು ಕಂಪ್ಯೂಟರ್. ತರೀಕೆರೆ, ಅಜ್ಜಂಪುರದ ಕೇಂದ್ರಗಳಲ್ಲಿ ಯಾವ ರೈತ ಎಷ್ಟು ಕೊಬ್ಬರಿ ಸುರಿದ, ಅದು ಯಾರ ಲಾರಿ ಏರಿತು ಎಂಬುದನ್ನೆಲ್ಲ ನೆನಪಿಡುವ ಡೇಟಾಬೇಸನ್ನು ಕಟ್ಟಿ ನಿಲ್ಲಿಸಿದವಳು ಅವಳೇ. ಅದರ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ; ಲೋಕದ ನಾನಾ ಮೂಲೆಗಳ ಪುಣ್ಯಾತ್ಮರು ಸೇರಿ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಲಿ, ಬಳಸಲಿ ಎಂದು ಬಿಟ್ಟಿರುವಂಥದು. ನಿಷ್ಕಾಮ ಕರ್ಮವೆಂದು ನಾವು ಹಾರ್ಮೋನಿಯಂ ಹಿಡಿದು ಹಾಡುವುದನ್ನು ಅವರು ಸದ್ದಿಲ್ಲದೆ ಮಾಡಿ ಮುಗಿಸಿದ್ದಾರೆ. ಪ್ರತಿಮಾಳಿಗೆ ಅದರ ಮೇಲೆ ಭಕ್ತಿಯೇ ಇತ್ತು.

ಹೋದ ವರ್ಷ, ಕೊಬ್ಬರಿ ತೂಕದ ದಿನವೇ, ಕರೆಂಟು ಹೋಗಿ ಬಂದ ಹೊಡೆತಕ್ಕೆ ಸರ್ವರ್ ಮಲಗಿಬಿಟ್ಟಿತು. ಅಂಗಳದ ತುಂಬ ಟ್ರ್ಯಾಕ್ಟರುಗಳು. ಅರ್ಧ ತಾಲ್ಲೂಕು ಪ್ರತಿಮಾಳ ಕುರ್ಚಿಯ ಸುತ್ತ ನಿಂತು ಅವಳ ಬೆನ್ನಿಗೆ ಉಸಿರು ಬಿಟ್ಟಿತು. ಅಧ್ಯಕ್ಷ ದೊಡ್ಡಬೀರಪ್ಪನವರ ಗಂಟಲಿಗೆ ಬೈಗುಳ ಬಂದು ನಿಂತಿತಾದರೂ ಹೊರಗೆ ದಾರಿ ಸಿಗಲಿಲ್ಲ. ಮನೆಮಗಳನ್ನು ಬೈದು ಕಣ್ಣೀರು ಹಾಕಿಸಿದರೆ ಕುಲದೈವ ಮುನಿಯುತ್ತದೆ ಎಂಬುದು ಅವರ ಊರಿನ ಗಟ್ಟಿ ನಂಬಿಕೆ. ಪ್ರತಿಮಾ ಅದೇ ಊರವಳು, ಅವರನ್ನು ದೊಡ್ಡಪ್ಪ ಎಂದೇ ಕರೆಯುವವಳು. ಮಧ್ಯಾಹ್ನದ ಹೊತ್ತಿಗೆ ಅವಳು ಸರ್ವರನ್ನು ಎಬ್ಬಿಸಿದಳು. ದೊಡ್ಡಬೀರಪ್ಪನವರು ಮಾತ್ರ ನುಂಗಿದ ಬೈಗುಳ ಅರಗದೆ ವಾರವೆಲ್ಲ ಮಜ್ಜಿಗೆಯಲ್ಲೇ ಕಳೆದರು.

ನಿರ್ದೇಶಕರ ಮುಂದಿನ ಸಭೆಗೆ ದುಷ್ಯಂತ್ ಎಂಬ ಟೈ ಕಟ್ಟಿದ ಯುವಕ ಬಂದ. ದೊಡ್ಡ ಕಂಪನಿಯೊಂದರ ಡೇಟಾಬೇಸ್ ಮಾರುವವನು. ತಾನು ಕಟ್ಟಿದ್ದು ಉಳಿಯುತ್ತದೋ ಇಲ್ಲವೋ ಎಂಬುದೊಂದೇ ಪ್ರತಿಮಾಳ ಚಿಂತೆ.

"ನಮ್ದು ಅವರದಕ್ಕಿಂತ ಯಾವುದ್ರಲ್ಲೂ ಕಮ್ಮಿ ಇಲ್ಲ ದೊಡ್ಡಪ್ಪ," ಎಂದಳು.

"ಕಮ್ಮಿ ಅಂದ್ನೇನಮ್ಮ? ಅದಿರ್ಲಿ, ಅದು ಯಾರ್ದು?" ಎಂದರು ಅಧ್ಯಕ್ಷರು.

"ಯಾರ್ದೂ ಅಲ್ಲ. ಎಲ್ಲಾರ್ದೂ."

"ಗೋಮಾಳ ಅನ್ನು. ನಾನು ಕೊಂಡ ಎತ್ತು ಹಾಯ್ತು ಅಂದ್ರೆ, ಮಾರಿದೋನ ಮನೆ ಜಗಲಿ ಮೇಲೆ ಕೂತು, ಬೈದು, ಅವನ ಮನೆ ಕಾಫಿನೇ ಕುಡ್ದು ಬತ್ತೀನಿ. ಗೋಮಾಳಕ್ಕೆ ಜಗಲಿ ಎಲ್ಲೈತೆ?"

ನಿರ್ದೇಶಕಿ ಜಯಲಕ್ಷ್ಮಮ್ಮ ತಲೆಯಾಡಿಸಿದರು. "ದೇವ್ರು ಎಲ್ಲಾ ಕಡೆ ಅವ್ನೆ, ಬಿಟ್ಟಿನೂ ಸಿಗ್ತಾನೆ. ಆದ್ರೂ ಪೂಜಾರಿ ಇಟ್ಕಂಡಿಲ್ವೇನೇ? ಮಳೆ ಬರ್ಲಿಲ್ಲ ಅಂದ್ರೆ ಯಾರ್ನ ಕೇಳೋದು ಮತ್ತೆ?"

ಪ್ರತಿಮಾ ದುಷ್ಯಂತನತ್ತ ತಿರುಗಿದಳು. "ಕೆಟ್ಟೋದ್ರೆ ನೀವೇ ಬಂದು ಸರಿ ಮಾಡ್ತೀರಾ?"

"ಫೋನಲ್ಲಿ ಯಾವಾಗ್ಲೂ ಸಿಗ್ತೀವಿ ಮೇಡಂ. ಕೈ ಹಾಕಿ ರಿಪೇರಿ ನಿಮ್ಮೋರೇ ಮಾಡ್ಬೇಕು."

"ಕೇಳುದ್ರಾ ದೊಡ್ಡಪ್ಪ?"

"ಕೇಳ್ದೆ. ಸರಿ ಮಾಡಾಕೆ ನೀನಿದೀಯ. ಬೈಸ್ಕಳಾಕೆ ಇವ್ನು." ದೊಡ್ಡಬೀರಪ್ಪನವರು ದುಷ್ಯಂತನ ಮುಖ ನೋಡಿದರು. "ಏನಪ್ಪಾ, ಬೇಜಾರ್ ಮಾಡ್ಕಳಲ್ಲ ತಾನೇ?"

"ಅದು ಕಾಂಟ್ರ್ಯಾಕ್ಟಲ್ಲೇ ಸೇರಿದೆ ಸರ್," ಎಂದ ಆ ಸಜ್ಜನ.

ಅಲ್ಲಿಗೆ ತೀರ್ಮಾನವಾಯಿತು. ಕಟ್ಟಿದ್ದನ್ನು ತನ್ನ ಕೈಯಾರೆ ಬಿಚ್ಚಿ ಹೊಸದಕ್ಕೆ ಸಾಗಿಸುವಷ್ಟು ದಿನವೂ ಪ್ರತಿಮಾ ಮುಖ ಗಂಟಿಕ್ಕಿಕೊಂಡೇ ಇದ್ದಳು. ಅಧ್ಯಕ್ಷರೇ ಕೆತ್ತಿ ತಂದ ಎಳನೀರನ್ನೂ ಮುಟ್ಟಲಿಲ್ಲ. "ನಾನು ಹೇಳ್ಲಿಲ್ವಾ" ಎಂಬ ಮಾತೊಂದನ್ನು ಮಾತ್ರ ನಾಲಿಗೆಯ ತುದಿಯಲ್ಲಿಟ್ಟು ಕಾದಳು.

ಕಾಸು ಕೊಟ್ಟು ತಂದದ್ದೂ ಮನುಷ್ಯರು ಮಾಡಿದ್ದೇ ತಾನೆ? ಈ ಸುಗ್ಗಿಯ ತೂಕದ ದಿನ ಅದೂ ಮಲಗಿತು. ಜನ ಪ್ರತಿಮಾಳ ಕುರ್ಚಿಯತ್ತ ನುಗ್ಗುವಷ್ಟರಲ್ಲಿ ದೊಡ್ಡಬೀರಪ್ಪನವರು ದುಷ್ಯಂತನಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ, ಅಂಗಳಕ್ಕಿಳಿದರು. ಇಂಥ ಸೇವೆಯನ್ನು ಯಾರು ತಪ್ಪಿಸಿಕೊಂಡಾರು? ಎಲ್ಲರೂ ಅವರ ಹಿಂದೆಯೇ ನಡೆದರು. ಅಧ್ಯಕ್ಷರು ದುಷ್ಯಂತನ ಟೈಯಿಂದ ಆರಂಭಿಸಿ ಅವನ ವಂಶವೃಕ್ಷವನ್ನು ಹತ್ತತೊಡಗಿದರು. "ಹೌದು ಸರ್, ಅರ್ಥ ಆಗ್ತಿದೆ ಸರ್," ಎಂಬ ಉತ್ತರ ಭಜನೆಯ ಹಿಮ್ಮೇಳದಂತೆ ತಪ್ಪದೆ ಬರುತ್ತಿತ್ತು.

ಒಳಗೆ ಪ್ರತಿಮಾ ಒಬ್ಬಳೇ. ತೂಕದ ದಿನವೊಂದರಲ್ಲಿ ಫ್ಯಾನಿನ ಸದ್ದು ಕೇಳಿದ್ದು ಅವಳಿಗೆ ಅದೇ ಮೊದಲು. ಬೆನ್ನ ಮೇಲೆ ಯಾರ ಉಸಿರೂ ಇರಲಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು. ವರ್ಷದಿಂದ ಕಾಯ್ದಿಟ್ಟ ಮಾತು ಅವಳಿಗೆ ನೆನಪಾಗಲೇ ಇಲ್ಲ.

ದೊಡ್ಡಬೀರಪ್ಪನವರು ಬಾಗಿಲಲ್ಲಿ ಇಣುಕಿದರು. "ಆಯ್ತೇನಮ್ಮ? ಗಂಟ್ಲು ಒಣಗೋಯ್ತು. ಫೋನ್ ಇಟ್ಬಿಡ್ಲಾ?"

ಪ್ರತಿಮಾ ಪರದೆಯಿಂದ ಕಣ್ಣೆತ್ತದೆ ತನ್ನ ನೀರಿನ ಬಾಟಲಿಯನ್ನು ಅವರತ್ತ ಸರಿಸಿದಳು.

"ಇನ್ನೊಸಿ ಬೈತಾ ಇರಿ ದೊಡ್ಡಪ್ಪ," ಎಂದಳು. "ನಂದಿನ್ನೂ ಮುಗ್ದಿಲ್ಲ."