ಸಕ್ಕರೆ ನೀರಲ್ಲಿ ಅದ್ದಿದ ಸಾರಾಂಶ

ಸವಣೂರಿನ ಎಲೆಪೇಟೆಗೆ ಇನ್ನೂ ಬೆಳಕು ಬಂದಿಲ್ಲ, ಎಲೆ ಬಂದಿದೆ. ಹೆಂಗಸರು ಒದ್ದೆ ಗೋಣಿಚೀಲ ಹಾಸಿ, ಬುಟ್ಟಿಯಿಂದ ವೀಳ್ಯದೆಲೆಯ ಕಟ್ಟುಗಳನ್ನು ಇಳಿಸುತ್ತಿದ್ದಾರೆ. ಮೂಲೆಯ ಚಹಾದಂಗಡಿಯಲ್ಲಿ ಮುಜಮ್ಮಿಲ ಪಾತ್ರೆಗೆ ಹಾಲು ಸುರಿಯುತ್ತಿದ್ದರೆ, ಅವರ ಹೆಂಡತಿ ನಸೀರಾ ಪುಟ್ಟ ಲೋಟದಲ್ಲಿ ಸಕ್ಕರೆ ಕದಡುತ್ತಿದ್ದಾರೆ. ಚಹಾಕ್ಕಲ್ಲ, ಸೀಮೆಸುಣ್ಣಕ್ಕೆ.

ಸಕ್ಕರೆ ನೀರಲ್ಲಿ ಅದ್ದಿ ಬರೆದರೆ ಅಕ್ಷರ ದಪ್ಪಗೆ ಮೂಡುತ್ತದೆ, ಗಿರಾಕಿಯ ಹೆಗಲು ಉಜ್ಜಿದರೂ ಅಳಿಯುವುದಿಲ್ಲ. ತೊಂದರೆ ಅಂದರೆ ಇರುವೆಗಳದು. ಸುದ್ದಿ ಸಿಹಿಯೋ ಕಹಿಯೋ ನೋಡದೆ, ಸಾಲು ಹಿಡಿದು ಮೊದಲು ಓದುವ ಓದುಗರು ಅವೇ.

ಅಂಗಡಿಯದು ಹಳೆಯ ಕಾಲದ ಹಲಗೆ ಬಾಗಿಲು. ಬೆಳಿಗ್ಗೆ ಒಂದೊಂದೇ ಹಲಗೆ ತೆಗೆದು ಗೋಡೆಗೆ ಒರಗಿಸಬೇಕು, ರಾತ್ರಿ ಮತ್ತೆ ಜೋಡಿಸಬೇಕು. ಅಂಚಿನ ಅಗಲದ ಹಲಗೆಗೆ ನಸೀರಾ ಕಪ್ಪು ಬಣ್ಣ ಬಳಿದಿದ್ದಾರೆ. ಪತ್ರಿಕೆಯಲ್ಲಿ ಅರ್ಧ ಪುಟ ಕಾಲು ಚಾಚಿ ಮಲಗಿದ ಲೇಖನ, ಈ ಹಲಗೆಯ ಮೇಲೆ ಏಳೆಂಟು ಸಾಲಿನಲ್ಲಿ ಎದ್ದು ನಿಲ್ಲುತ್ತದೆ. ಗಂಡ ಚಹಾ ಸೋಸುತ್ತಾರೆ, ಹೆಂಡತಿ ಲೇಖನ ಸೋಸುತ್ತಾರೆ. ಸೋಸಿದ ಮೇಲೆ ಉಳಿಯುವ ಚರಟ ಲೇಖನದ್ದೇ ಜಾಸ್ತಿ.

ಇದನ್ನು ಶುರುಮಾಡಿಸಿದ್ದು ನಸೀರಾ ಅವರ ಅಪ್ಪ ಬಂದೇಸಾಬ. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಸುದ್ದಿ ಮಾತ್ರ ಬೇಕೇ ಬೇಕಿತ್ತು. ಶಾಲೆಗೆ ಹೊರಟ ಮಗಳನ್ನು ಬೆಂಚಿನ ಮೇಲೆ ಕೂರಿಸಿ ಪತ್ರಿಕೆ ಓದಿಸುತ್ತಿದ್ದರು. ಸುತ್ತ ನಿಂತ ಎಲೆ ಮಾರುವವರಿಗೆ ಪೂರ್ತಿ ಕೇಳಲು ಪುರುಸೊತ್ತಿರಲಿಲ್ಲ. “ಅದೆಲ್ಲಾ ಇರ್ಲಿ ಯವ್ವಾ, ಅಂವಾ ಕಡೀಕ ಏನಂತಾನ, ಅಷ್ಟ ಹೇಳು” ಎನ್ನುತ್ತಿದ್ದರು. ಪಿಯುಸಿಗೇ ನಿಂತ ನಸೀರಾ ಅವರ ಓದಿನಲ್ಲಿ ಮುಂದುವರಿದ ವಿಷಯ ಇದೊಂದೇ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಜೊತೆ ಈ ಕೆಲಸವೂ ಅವರ ಪಾಲಿಗೆ ಬಂತು.

“ಮೊದಲ್ನೇ ಸಲ ಓದಿದಾಗ ಸಿಟ್ಟರ ಬರ್ತದ, ಖುಷಿಯರ ಆಗ್ತದ. ಅದು ಇಳಿಯೂ ಮಟಾ ಹಲಗಿ ಮುಟ್ಟಂಗಿಲ್ರಿ” ಎನ್ನುತ್ತಾರೆ ನಸೀರಾ. “ಆಮ್ಯಾಲ ಪೇಪರ್ ಮಡಚಿಟ್ಟು ನಮ್ಮ ಮನಿಯವ್ರ ಮುಂದ ಹೇಳ್ತೇನಿ. ಹೇಳಾಕ ತಡವರಿಸಿದ್ರ ನನಗ ತಿಳಿದಿಲ್ಲ ಅಂತ ಲೆಕ್ಕ. ಬರದ ಮ್ಯಾಲ ಇನ್ನೊಮ್ಮೆ ಪೇಪರ್ ನೋಡ್ತೇನಿ, ಅವರ ಬಾಯಾಗ ನನ್ನ ಮಾತು ತುರಕೇನೇನು ಅಂತ.”

ಹಲಗೆಯ ಮೊದಲ ಸಾಲು ಯಾವಾಗಲೂ ಬರೆದವರ ಹೆಸರು. ಆಮೇಲೆ ಅವರು ಏನನ್ನುತ್ತಾರೆ, ಯಾಕೆ ಅನ್ನುತ್ತಾರೆ. ಅದು ಮುಗಿದಲ್ಲಿ ಒಂದು ಅಡ್ಡ ಗೆರೆ. ಗೆರೆಯ ಮೇಲಿನದು ಬರೆದವರ ಪಾಲು, ಕೆಳಗಿನದು ಪೇಟೆಯವರ ಪಾಲು. ಯಾರು ಬೇಕಾದರೂ ತಮ್ಮ ಮಾತು ಬರೆಯಬಹುದು, ಬರೆಸಬಹುದು. ನಸೀರಾ ಅವರ ಸ್ವಂತ ಅಭಿಪ್ರಾಯಕ್ಕೆ ಮೇಲೂ ಜಾಗವಿಲ್ಲ, ಕೆಳಗೂ ಜಾಗವಿಲ್ಲ.

ಹೋದ ವಾರ ಈ ಗೆರೆಯೇ ಬರೆ ಹಾಕಿತು.

ಪರಮೇಶಪ್ಪ ಎಂಬ ನಿವೃತ್ತ ಎಂಜಿನಿಯರ್ ಒಬ್ಬರ ಲೇಖನ ಬಂತು. ಎಲೆಪೇಟೆಯನ್ನು ಊರ ಹೊರಗಿನ ಬಯಲಿಗೆ ಸಾಗಿಸಬೇಕೆಂಬುದು ಅವರ ವಾದ. ಪೇಟೆ ಹೋದರೆ ನಸೀರಾ ಅವರ ಅಂಗಡಿಗೆ ಉಳಿಯುವುದು ಹಲಗೆ ಮಾತ್ರ. ಆದರೂ ಪದ್ಧತಿಯಂತೆ ಓದಿದರು, ಮಡಚಿದರು, ಗಂಡನಿಗೆ ಹೇಳಿದರು. ರಸ್ತೆ ಇಕ್ಕಟ್ಟು ಎಂಬ ಕಾರಣಕ್ಕೆ ಮುಜಮ್ಮಿಲ ನಕ್ಕರು. ನಸುಕಿನಲ್ಲಿ ಬರುವ ಹೆಂಗಸರಿಗೆ ಪೇಟೆಯಲ್ಲಿ ಶೌಚಾಲಯವಿಲ್ಲ ಎಂಬ ಕಾರಣಕ್ಕೆ ಅವರ ನಗು ನಿಂತಿತು.

“ಏ, ಆ ಸಂಡಾಸದ ಸಾಲು ಬಿಟ್ಟಬಿಡು. ಹಲಗಿ ಸಣ್ಣದು, ಹಿಡಸಲಿಲ್ಲ ಅಂದ್ರಾತು.”

“ಅವರ ಲೇಖನದಾಗ ಗಟ್ಟಿ ಇರೂದು ಅದೊಂದ ಮಾತು. ಅದನ್ನ ಬಿಟ್ರ ಉಳಿಯೂದು ಬರೇ ಉಪದೇಶ.”

“ಹಂಗಾರ ನಾಳಿಂದ ಚಹಾ ಯಾರಿಗೆ ಕುಡಸ್ತಿ? ಇರುವಿಗೇನು?”

ನಸೀರಾ ಬರೆದರು: “ಬರೆದವರು ಪರಮೇಶಪ್ಪ, ನಿವೃತ್ತ ಎಂಜಿನಿಯರ್. ಎಲೆಪೇಟೆಯನ್ನು ಊರ ಹೊರಗಿನ ಬಯಲಿಗೆ ಒಯ್ಯಬೇಕು ಎನ್ನುತ್ತಾರೆ. ಇಲ್ಲಿ ರಸ್ತೆ ಇಕ್ಕಟ್ಟು. ನಸುಕಿನಲ್ಲಿ ಬರುವ ಹೆಂಗಸರಿಗೆ ಶೌಚಾಲಯವಿಲ್ಲ. ಅಲ್ಲಿ ನೆರಳು, ನೀರು, ಶೌಚಾಲಯ ಮೂರೂ ಆಗುತ್ತವೆ ಎನ್ನುತ್ತಾರೆ.” ಕೊನೆಗೆ “ಆ ಬಯಲಿಗೆ ಬಸ್ಸಿನ ಮಾತೇ ಬರೆದಿಲ್ಲ” ಎಂದು ಸೇರಿಸಿದವರು, ಒದ್ದೆ ಬಟ್ಟೆ ತೆಗೆದುಕೊಂಡು ಅದನ್ನು ತಾವೇ ಒರೆಸಿದರು. “ಅವರು ಬಿಟ್ಟದ್ದನ್ನ ಎತ್ತಿ ತೋರ್ಸೂದು ನನ್ನ ಕೆಲಸಲ್ರಿ, ಗೆರಿ ಕೆಳಗಿನವ್ರದು.”

ಅಂಗಡಿಯ ಎದುರೇ ಗೋಣಿ ಹಾಸುವವರು ಹಿರೇಬೆಂಡಿಗೇರಿಯ ಅಡಿವೆವ್ವ. ಮೊದಲ ಬಸ್ಸಿಗೆ ಬುಟ್ಟಿ ಹೊತ್ತು ಬರುತ್ತಾರೆ. ಅವರ ಕಟ್ಟಿನ ಮೊದಲ ಎಲೆ ನಸೀರಾಗೆ, ನಸೀರಾ ಅವರ ಮೊದಲ ಚಹಾ ಅಡಿವೆವ್ವನಿಗೆ. ಈ ವ್ಯವಹಾರ ಒಂದು ದಿನವೂ ತಪ್ಪಿದ್ದಿಲ್ಲ. ಆ ದಿನ ಎಲೆ ಕೊಳ್ಳಲು ಬಂದ ಹಾನಗಲ್ಲಿನ ಜಗದೀಶ ಹಲಗೆಯನ್ನು ಜೋರಾಗಿ ಓದಿ ಹೇಳಿದ್ದೇ ತಡ, ಅಡಿವೆವ್ವ ಚಹಾದ ಲೋಟ ಕೆಳಗಿಟ್ಟರು.

“ನಮ್ಮನ್ನ ಊರ ಹೊರಗ ಹಾಕಾಕ ನೀನ ಬರದೀಯಲ್ಲ ನಸೀರಾ!”

“ನಾ ಅಂದಿಲ್ಲ ಅಡಿವೆಕ್ಕಾ. ಪರಮೇಶಪ್ಪನವರು ಅಂದಾರ.”

“ಅಕ್ಷರ ಪರಮೇಶಪ್ಪಂದೇನು? ನಿಂದು! ನಿನ್ನ ಕೈಯಾನ ಚಹಾ ಕುಡದ ಬಾಯಿ ಅಂತ ಸುಮ್ನದೇನಿ, ನೋಡು.”

ಗೋಣಿ ಸುತ್ತಿಕೊಂಡು ಅವರು ಓಣಿಯ ಆ ತುದಿಗೆ ಹೋಗಿ ಕೂತರು. ಮರುದಿನ ಅವರ ಹಿಂದೆ ಇನ್ನಷ್ಟು ಗೋಣಿಗಳು ಎದ್ದವು. ಚಹಾ ಕುದಿದು ಕುದಿದು ಕಷಾಯವಾಯಿತು. “ಸಾರಾಂಶ ಬರಿಯಾಕ ಹೋಗಿ ಸಂಸಾರದ ಸಾರಾನ ಹೋತು” ಎಂದರು ಮುಜಮ್ಮಿಲ. ‘ನಾನೂ ಇದಕ್ಕೆ ವಿರೋಧ’ ಎಂದು ಗೆರೆಯ ಕೆಳಗೆ ಒಂದು ಸಾಲು ಗೀಚಿದ್ದರೆ ಗಲಾಟೆ ಮುಗಿಯುತ್ತಿತ್ತು. ನಸೀರಾ ಗೀಚಲಿಲ್ಲ. “ಇವತ್ತ ನಂದು ಸೇರಿಸಿದ್ರ, ನಾಳಿಂದ ಗೆರಿ ಮ್ಯಾಲಿಂದನೂ ನಂದ ಅಂತಾರ” ಎಂದು, ದಿನವೂ ಒರೆಸುವ ಹಲಗೆಯನ್ನು ಒರೆಸದೆ ಹಾಗೆಯೇ ಬಿಟ್ಟರು.

ಮೂರನೆಯ ಬೆಳಿಗ್ಗೆ ಅಡಿವೆವ್ವ ಬಂದು ಹಲಗೆಯ ಮುಂದೆ ನಿಂತರು. ಮುಖ ಮಾತ್ರ ಬೇರೆ ಕಡೆಗಿತ್ತು.

“ಆ ಸಂಡಾಸದ ಮಾತು ಖರೇನ ಅಂವನ ಬರದಾನೋ, ನೀ ಸೇರ್ಸೀಯೋ?”

ನಸೀರಾ ಪತ್ರಿಕೆ ತಂದು ಆ ಭಾಗವನ್ನು ನಿಧಾನ ಓದಿದರು. ಕತ್ತಲಲ್ಲಿ ಹೆಂಗಸರು ಹಳ್ಳದ ಕಡೆ ನಡೆಯುವುದನ್ನು ಪರಮೇಶಪ್ಪ ಬರೆದಿದ್ದರು. ಅಡಿವೆವ್ವ ಬೆಂಚಿನ ತುದಿಗೆ ಕೂತರು.

“ಇಷ್ಟು ವರ್ಷ ನಾವ ನಾವ ಪಿಸಪಿಸ ಅಂದದ್ದನ್ನ ಆ ಗಂಡಸು ಪೇಪರ್‌ನ್ಯಾಗ ಹಾಕ್ಯಾನಲ್ಲ! ಈ ಮಾತು ಅಂವಂದು ಖರೆ ಐತಿ. ಆದ್ರ ಅಲ್ಲಿ ಬಸ್ಸು ನಿಂದ್ರಸ್ತಾನೇನು ಅಂವಾ? ಬರಿ, ನಂದೂ ಬರಿ.”

ಬರೆಸಲು ಕೂತವರು ಬಸ್ಸಿನ ಕಂಡಕ್ಟರನಿಂದ ಶುರುಮಾಡಿ, ಮೊಣಕಾಲು ನೋವು, ಸೊಸೆಯ ಸೋಮಾರಿತನ, ಬಿಸಿಲಿಗೆ ಬಾಡಿದ ಎಲೆ ಎಲ್ಲ ಸುತ್ತಿ ಬರುವಷ್ಟರಲ್ಲಿ ಚಹಾ ಆರಿತ್ತು. ನಸೀರಾ ಕಣ್ಣು ಮುಚ್ಚಿ ಕೇಳಿ, ಮೂರೇ ಸಾಲಿನಲ್ಲಿ ತಿರುಗಿ ಹೇಳಿದರು: “ಶೌಚಾಲಯ ಬೇಕು, ಪರಮೇಶಪ್ಪನವರ ಆ ಮಾತು ಖರೆ. ಅದು ಇಲ್ಲೇ ಬೇಕು. ಆ ಬಯಲಿಗೆ ಬಸ್ಸಿಲ್ಲ, ಬುಟ್ಟಿ ಹೊತ್ತು ನಡೆಯಲು ಆಗುವುದಿಲ್ಲ.”

“ನನ್ನ ಮೊಣಕಾಲು ಎಲ್ಲಿ ಹೋತು?”

“ನಡಿಯಾಕ ಆಗಂಗಿಲ್ಲ ಅಂದೇನಲ್ಲ, ಅದರಾಗ ಐತಿ ಅಕ್ಕಾ.”

“ಸೊಸಿ?”

“ಸೊಸಿ ಮನ್ಯಾಗ ಇರ್ಲಿ ಬಿಡು.”

ಅಡಿವೆವ್ವ ಒಮ್ಮೆ ತುಟಿ ಆಡಿಸಿ ನೋಡಿದರು. “ಹೌದು. ಇದ ನಾ ಹೇಳಿದ್ದು.” ನಸೀರಾ ಅದನ್ನು ಗೆರೆಯ ಕೆಳಗೆ ಬರೆದರು. ಗೋಣಿ ಮತ್ತೆ ಅಂಗಡಿಯ ಎದುರು ಬಂತು. ಅದರ ಹಿಂದೆ ಉಳಿದವೂ ಬಂದವು.

ಪೇಟೆ ಉಳಿಯುತ್ತದೋ ಹೋಗುತ್ತದೋ ಇನ್ನೂ ತೀರ್ಮಾನವಾಗಿಲ್ಲ. ಹಲಗೆ ಮಾತ್ರ ದಿನವೂ ಕಳಚಿಕೊಳ್ಳುತ್ತದೆ, ಕೂಡಿಕೊಳ್ಳುತ್ತದೆ. ಏನು ಆಸೆ ಎಂದು ಕೇಳಿದರೆ ನಸೀರಾ ಸಕ್ಕರೆ ನೀರು ಕದಡುತ್ತಲೇ ಹೇಳುತ್ತಾರೆ: “ಜನ ಬೈಬಾರ್ದು ಅಂತ ಅಲ್ರಿ. ಬೈಯೂದು ಬೈಸ್ಕೊಬೇಕಾದವ್ರಿಗೆ ಮುಟ್ಟಬೇಕು, ಅಷ್ಟ.”

ಪೇಟೆಯ ಮಾತು ಮುಗಿಯದ್ದರಿಂದ ಇವತ್ತು ಹಲಗೆಯ ಮೇಲೆ ಮತ್ತೆ ಅದೇ ಸಾರಾಂಶ, ಗೆರೆಯ ಕೆಳಗೆ ಅಡಿವೆವ್ವನ ಮೂರು ಸಾಲು. ಎಲೆ ಕೊಳ್ಳಲು ಬಂದ ಹಿರೇಕೆರೂರಿನ ಗುದ್ಲೆಪ್ಪ ಅದನ್ನು ಓದಿ ಗರಂ ಆಗುತ್ತಾರೆ. “ಏನವಾ, ಪೇಟಿ ಎತ್ತಬೇಕಂತ ಬರದೀಯಲ್ಲ, ನಾಚಿಕಿ ಬರೂದಿಲ್ಲೇನು?”

ನಸೀರಾ ಬಾಯಿ ತೆರೆಯುವ ಮೊದಲೇ, ಎಲೆ ಜೋಡಿಸುತ್ತಿದ್ದ ಅಡಿವೆವ್ವ ತಲೆ ಎತ್ತದೆ ಹೇಳುತ್ತಾರೆ:

“ಏ ಯಪ್ಪಾ, ಅಕಿಗ್ಯಾಕ ಬೈತಿ? ಅಕ್ಷರ ಅಷ್ಟ ಅಕಿದು. ಗೆರಿ ಮ್ಯಾಲಿಂದು ಆ ಪರಮೇಶಪ್ಪಂದು, ಕೆಳಗಿಂದು ನಂದು. ಬೈಯೂದಿದ್ರ ಇತ್ತ ಬಾ.”

ನಸೀರಾ ಸೀಮೆಸುಣ್ಣ ಕೆಳಗಿಟ್ಟು, ಮೊದಲ ಚಹಾ ಆ ಕಡೆ ಚಾಚುತ್ತಾರೆ.