ಸಗ್ಡನ್ ದಾಟದ ಸಾಲು

ಇಂಗ್ಲೆಂಡಿನ ನಮ್ಮ ಕಲ್ಲಿದ್ದಲು ಗಣಿಯ ಊರಿನಿಂದ ಮೂವತ್ತೊಂದು ವರ್ಷ ಪಾರ್ಲಿಮೆಂಟಿಗೆ ಹೋಗಿಬಂದ ಸೆಡ್ರಿಕ್ ಸಗ್ಡನ್, ಎದುರು ಪಕ್ಷಕ್ಕಿಂತ ಸ್ವಂತ ಲೇಬರ್ ಪಕ್ಷದ ವಿರುದ್ಧವೇ ಹೆಚ್ಚು ಸಲ ಮತ ಹಾಕಿದವನು. ಮಂತ್ರಿಗಿರಿ ಅವನ ಹತ್ತಿರ ಸುಳಿಯಲಿಲ್ಲ. ಸುಳಿದಿದ್ದರೆ ಅದರ ವಿರುದ್ಧವೂ ಮತ ಹಾಕುತ್ತಿದ್ದ. ಅವನಿಗೆ ಎಲ್ಲರೂ ಕಾಮ್ರೇಡರೇ: ಪಾದ್ರಿ, ಪೊಲೀಸು, ನಾಮಕರಣದ ಕೂಸು, ಹೆಂಡತಿ ಎಡ್ನಾಳ ಬೆಕ್ಕು ಕೂಡ. ಮುಷ್ಕರ ಎಲ್ಲಿದ್ದರೂ ಚೀಸ್ ಸ್ಯಾಂಡ್‌ವಿಚ್ ಕಟ್ಟಿಕೊಂಡು ಹಾಜರು. ಒಮ್ಮೆ ಬೇಕರಿಯ ಮುಂದೆ ಜನ ಸಾಲಾಗಿ ನಿಂತದ್ದನ್ನು ಕಂಡು ಮುಷ್ಕರವೆಂದೇ ತಿಳಿದು ಇಪ್ಪತ್ತು ನಿಮಿಷ ಭಾಷಣ ಬಿಗಿದ. "ಅಯ್ಯೋ ಮಾರಾಯ, ಇದು ಬನ್ನಿಗೆ ನಿಂತಿರೋ ಕ್ಯೂ!" ಎಂದು ಕೂಗಿದ್ದು ಅದೇ ಸಾಲಿನಲ್ಲಿದ್ದ ಎಡ್ನಾ. ಮುಷ್ಕರದವರು ಬಾಗಿಲಿಗೆ ಅಡ್ಡ ನಿಂತ ಸಾಲನ್ನು ದಾಟಿ ಒಳಗೆ ಹೋಗುವುದೆಂದರೆ ಅವನ ಪಾಲಿಗೆ ದ್ರೋಹ; ಜನ್ಮದಲ್ಲಿ ದಾಟಿದವನಲ್ಲ. ಹೋದ ಚಳಿಗಾಲದಲ್ಲಿ ಎದೆನೋವೆಂದು ನಾನು ಅವನನ್ನು ಆಸ್ಪತ್ರೆಗೆ ಕರೆದೊಯ್ದರೆ, ಬಾಗಿಲಲ್ಲಿ ನರ್ಸುಗಳದೇ ಮುಷ್ಕರ. ಮುಖ ಬೂದಿ ಬಣ್ಣಕ್ಕೆ ತಿರುಗಿದ್ದರೂ ಅವರ ಪಕ್ಕದಲ್ಲೇ ನಿಂತುಬಿಟ್ಟ. "ರೋಗಿಗಳಿಗೆ ನಾವೇ ದಾರಿ ಬಿಟ್ಟಿದೀವಿ, ಒಳಗೆ ನಡಿಯಯ್ಯ," ಎಂದು ಹಿರಿಯ ನರ್ಸ್ ಮೌರೀನ್ ಗದರಿದಳು. "ಸಾಲು ಅಂದ್ರೆ ಸಾಲೇ, ಕಾಮ್ರೇಡ್," ಎಂದ, ಏದುಸಿರು ಬಿಡುತ್ತಾ. ಮೌರೀನ್ ತನ್ನ ಕೈಯಲ್ಲಿದ್ದ ಮುಷ್ಕರದ ಫಲಕವನ್ನು ಹಿಮದ ಮೇಲೆ ಮಲಗಿಸಿದಳು. ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಫಲಕ ಮಲಗಿಸಿ ಪಕ್ಕಕ್ಕೆ ಸರಿದರು. "ಈಗ ಸಾಲೇ ಇಲ್ಲ. ಬಾ," ಎಂದಳು ಮೌರೀನ್. ಅವಳ ಹೆಗಲಿಗೆ ಒರಗಿ ಒಳಗೆ ಹೋದ. ಎರಡು ದಿನದ ಮೇಲೆ ಕಣ್ಣು ಬಿಟ್ಟವನು, ಹಾಸಿಗೆಯ ಪಕ್ಕದಲ್ಲಿ ಅಳುತ್ತಿದ್ದ ಎಡ್ನಾಳನ್ನು ಕೇಳಿದ ಮೊದಲ ಮಾತು: "ನರ್ಸುಗಳು ಫಲಕ ಮತ್ತೆ ಎತ್ತಿದ್ರಾ?"